ನಾನು ಕೊಲ್ಲದ ರಾಕ್ಷಸ

ನನ್ನ ಗಂಡ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಓದಿ ನೀವು ನನಗೇ ಬುದ್ಧಿ ಹೇಳಲು ಬರುತ್ತೀರಿ.

ಜಮಖಂಡಿಯ ನಮ್ಮ ಮನೆಗೆ ಅವರು ಹೊಸ ಕಂಪ್ಯೂಟರ್ ತಂದಾಗ ಹಳೆಯದು ನನ್ನ ಪಾಲಿಗೆ ಬಂತು. ಅದರಲ್ಲಿ ಅವರೇ ಒಂದು ಆಟ ಹಾಕಿಕೊಟ್ಟರು. ಕತ್ತಿ, ಮಂತ್ರ, ಕಾಡು, ಕೋಟೆ. ಶತ್ರುಗಳನ್ನು ಹೊಡೆದಂತೆಲ್ಲ ನಮ್ಮ ಪಾತ್ರ ಒಂದೊಂದೇ ಹಂತ ಏರಿ ಬಲವಾಗುತ್ತದೆ. ಮುಧೋಳದ ಕಚೇರಿಯಲ್ಲಿ ವಾರವಿಡೀ ಫೈಲು ತಿರುವಿ ಬಂದವಳಿಗೆ ಭಾನುವಾರ ಮಧ್ಯಾಹ್ನ ಕತ್ತಿ ಹಿಡಿಯುವುದು ಎಂಥ ಸುಖ! ಇಪ್ಪತ್ತನೆಯ ಹಂತದಲ್ಲಿ ಗುಹೆಯ ರಾಕ್ಷಸನನ್ನು ಕೊಂದೆ. ಹೊಸಬರು ಅವನ ಮುಂದೆ ತಿಂಗಳುಗಟ್ಟಲೆ ಒದ್ದಾಡುತ್ತಾರೆ ಎಂದು ಗಂಡನೇ ಹೇಳಿದ್ದರು. ನಾನು ಮೊದಲ ಸಲಕ್ಕೇ ಉರುಳಿಸಿದೆ. ಕುರ್ಚಿಯಿಂದ ಎದ್ದು ಕುಣಿದೆ.

ಬನಹಟ್ಟಿಗೆ ಫೋನು ಮಾಡಿ ಅಪ್ಪನಿಗೂ ಹೇಳಿದೆ. ಮಗ್ಗದ ಸದ್ದಿನ ನಡುವೆ ಅವನಿಗೆ ಏನು ತಿಳಿಯಿತೋ, ಕೇಳಿದ್ದು ಒಂದೇ ಮಾತು.

"ಒಬ್ಬಾಕೀನ ಹೊಡದಿಯೇನ?"

"ಹೌದಪಾ. ಒಬ್ಬಾಕೀನ, ಯಾರೂ ಕೈ ಹಚ್ಚಿಲ್ಲ."

"ಹಂಗಾರ ಛಲೋ ಆತು."

ಅಪ್ಪನ ಬಾಯಿಂದ ಛಲೋ ಎನ್ನಿಸಿಕೊಳ್ಳುವುದು ಸುಲಭವಲ್ಲ. ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿ ನನ್ನನ್ನು ಮಗ್ಗದ ಮುಂದೆ ನಿಲ್ಲಿಸಿದ್ದ. ಎಳೆ ಹರಿದಾಗಲೆಲ್ಲ ತಾನು ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ. ನಾನು ಅಳುತ್ತಿದ್ದರೂ ಒಂದು ಗಂಟು ಹಾಕಿಕೊಡಲಿಲ್ಲ. ನಾನು ನೇಯ್ದ ಆ ಸೀರೆಯನ್ನು ವ್ಯಾಪಾರಿ ಬೇಡವೆಂದ. ಅವ್ವ ಅದನ್ನೇ ಉಟ್ಟು ಓಣಿಯಲ್ಲೆಲ್ಲ ಓಡಾಡಿದಳು, ಸೆರಗಿನ ತುಂಬ ನನ್ನ ದಪ್ಪ ಗಂಟುಗಳು. ಅಪ್ಪನ ಮೇಲಿನ ಸಿಟ್ಟಿಗೆ ಒಂದು ದಿನ ಊಟ ಬಿಟ್ಟಿದ್ದೆ.

ರಾಕ್ಷಸ ಸತ್ತ ಮೇಲೆ ಆಟ ಸಪ್ಪೆಯಾಯಿತು. ಕರಡಿ, ಕಳ್ಳ, ದೆವ್ವ, ಯಾರ ಮೇಲೆ ಕತ್ತಿ ಬೀಸಿದರೂ ಒಂದೇ ಏಟಿಗೆ ಮಲಗಿಬಿಡುತ್ತಿದ್ದರು. ಅದಕ್ಕೆ ಮದ್ದು ಹುಡುಕಿದೆ. ಆಟಗಾರರೇ ಬರೆದು ಹಂಚುವ ಸಣ್ಣ ತಿದ್ದುಪಡಿಗಳಿರುತ್ತವೆ, ಅವಕ್ಕೆ ಮಾಡ್ ಎನ್ನುತ್ತಾರೆ. ಹೊಸಬರಿಗೆ ಯಾವುದು ಒಳ್ಳೆಯದೆಂದು ಒಂದು ವಾರ ಊಟದ ಬಿಡುವಿನಲ್ಲಿ ಓದಿ ಎರಡನ್ನು ಆರಿಸಿದೆ. ಒಂದನ್ನು ಹಾಕಿದರೆ ಬಳಸಿದ ವಿದ್ಯೆ ಮಾತ್ರ ಬೆಳೆಯುತ್ತದೆ, ಹಂತ ನಿಧಾನವಾಗಿ ಏರುತ್ತದೆ. ಇನ್ನೊಂದರಿಂದ ಶತ್ರುವಿನ ಏಟಿಗೆ ಬಲ ಬರುತ್ತದೆ. ಹಾಕುವ ಮುನ್ನ ಈಗಾಗಲೇ ಇರುವ ಮಾಡ್‌ಗಳ ಪಟ್ಟಿ ನೋಡಿಕೊಳ್ಳಿ ಎಂದು ಬರೆದಿತ್ತು. ನನ್ನಲ್ಲಿ ಏನಿದ್ದೀತು ಎಂದುಕೊಂಡೇ ತೆರೆದೆ.

ಮೂರಿದ್ದವು. ಶತ್ರುವಿನ ಏಟನ್ನು ಕಾಲು ಭಾಗಕ್ಕೆ ಇಳಿಸುವುದೊಂದು. ಹಂತ ಏರುವ ವೇಗವನ್ನು ಮೂರು ಪಟ್ಟು ಮಾಡುವುದೊಂದು. ಮೂರನೆಯದು, ಪ್ರಾಣ ಹೋಗುವ ಹೊತ್ತಿಗೆ ಸದ್ದಿಲ್ಲದೆ ಗಾಯ ಮಾಯಿಸುವುದು. ಪಕ್ಕದಲ್ಲಿ ಅವುಗಳನ್ನು ಹಾಕಿದ ದಿನವೂ ಇತ್ತು. ನಾನು ಮೊದಲ ಸಲ ಆಡಲು ಕೂತದ್ದರ ಹಿಂದಿನ ದಿನ.

ಕೇಳಿದಾಗ ಗಂಡ ಮುಚ್ಚಿಡಲಿಲ್ಲ.

"ಹೊಸಬರಿಗಂತ ಹಾಕಿದ್ನಿ. ಸೋತ ಸೋತ ಬ್ಯಾಸತ್ತ ಬಿಟ್ಟಬಿಡತಿದ್ದಿ."

"ನಾ ಒಂದರೆ ಸಲ ಸೋತಿದ್ನೇನ್ರಿ?"

"ಸೋಲಬಾರದಂತನ ಹಾಕಿದ್ದಲ್ಲ?" ಎಂದು ನಕ್ಕರು. "ಒಂದ ಆಟಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೋತಿ?"

ಆ ನಗುವಿನಲ್ಲಿ ಕೆಡುಕಿರಲಿಲ್ಲ, ನನ್ನ ಹೊಟ್ಟೆ ಉರಿಸಿದ್ದೇ ಅದು. ಜಗಳಕ್ಕೂ ನೆವ ಸಿಗದಂಥ ಒಳ್ಳೆಯತನ. ನಾನು ಇಲಾಖೆಯ ಪರೀಕ್ಷೆ ಪಾಸಾದ ದಿನ ಅವರು ಕರದಂಟು ತಂದು, "ನನಗ ಮೊದಲ ಗೊತ್ತಿತ್ತು" ಎಂದಿದ್ದರು. ಅಂದು ಎಷ್ಟು ಹಿಗ್ಗಿದ್ದೆ! ಹೇಗೆ ಗೊತ್ತಿತ್ತು ಎಂದು ಕೇಳಲು ಈಗ ಬಾಯಿ ಬರುತ್ತಿಲ್ಲ. ಅಲ್ಲಿ ಅವರ ಕೈ ಇಲ್ಲದೆಯೂ ಇರಬಹುದು. ಆದರೆ ಆ ಕರದಂಟು ಈಗ ನೆನಪಿನಲ್ಲೂ ಕಹಿ.

ಮೂರನ್ನೂ ಕಿತ್ತು, ನಾನು ಆರಿಸಿದ ಎರಡನ್ನು ಹಾಕಿ, ಒಂದನೆಯ ಹಂತದಿಂದ ಶುರು ಮಾಡಿದೆ. ಊರ ಅಗಸೆ ಬಾಗಿಲು ದಾಟುತ್ತಿದ್ದಂತೆ ಒಂದು ತೋಳ ನನ್ನನ್ನು ಕೊಂದಿತು. ಬಡಕಲು ತೋಳ. ಎರಡು ಭಾನುವಾರ ಪೂರ್ತಿ ಅದೇ ತೋಳದ ಕೈಯಲ್ಲಿ ಸತ್ತೆ.

ಮೂರನೆಯ ಭಾನುವಾರ ಅಪ್ಪನ ಫೋನು ಬಂತು. ಗಂಡ ಚಹಾ ಹಿಡಿದು ನನ್ನ ಹಿಂದೆ ನಿಂತಿದ್ದರು.

"ರಾಕ್ಷಸ ಸತ್ತಮ್ಯಾಲ ಯಾರ್ನ ಹೊಡದಿ ಬೇ?" ಎಂದ ಅಪ್ಪ.

"ಯಾರ್ನೂ ಇಲ್ಲಪಾ. ಒಂದ ತ್ವಾಳ ಹೊಡ್ಯಾಕ ಆಗವಲ್ದು."

"ರಾಕ್ಷಸನ್ನ ಹೊಡದಾಕಿಗೆ ತ್ವಾಳ ಏನ ದೊಡ್ಡದು?"

"ಅವನ್ನ ನಾ ಹೊಡದಿದ್ದಿಲ್ಲಪಾ."

ಮತ್ತೆ ಯಾರು ಹೊಡೆದರು ಎಂದು ಅಪ್ಪ ಕೇಳಲಿಲ್ಲ.

"ತ್ವಾಳ ಹೊಡದ ದಿನ ಫೋನ್ ಮಾಡು" ಎಂದು ಇಟ್ಟುಬಿಟ್ಟ.

ಗಂಡನಿಗೆ ಎಲ್ಲ ಕೇಳಿಸಿತ್ತು. ಚಹಾ ಮೇಜಿನ ಮೇಲಿಟ್ಟರು. ನಂತರ ನನ್ನ ಭುಜದ ಮೇಲಿಂದ ಬಗ್ಗಿ, "ತಡಿ, ಹ್ಯಾಂಗ ಹೊಡೀಬೇಕಂತ ನಾ ತೋರಸ್ತೀನಿ" ಎಂದು ಮೌಸಿಗೆ ಕೈ ಹಾಕಿದರು.

ನಾನು ಅವರ ಕೈ ಸರಿಸಿದೆ. ಮೆಲ್ಲಗೆ ಸರಿಸಿದೆ ಎಂದು ಬರೆಯಬಹುದಿತ್ತು, ಆದರೆ ಚಹಾ ಚೆಲ್ಲಿತು.