ಬಾತುಗಳನ್ನು ಎಣಿಸದ ಪೋಲಮ್ಮ

ಬಳಗಾನೂರಿನ ಹತ್ತಿರ ಕಾಲುವೆ ಸೇತುವೆಯ ಮೇಲೆ ನಮ್ಮ ಬಸ್ಸನ್ನು ಒಬ್ಬ ಹೆಂಗಸು ಕೋಲು ಅಡ್ಡ ಹಿಡಿದು ನಿಲ್ಲಿಸಿದ್ದಳು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲ್, ಕೋಲಿನ ತುದಿಗೆ ಗೊಬ್ಬರ ಚೀಲದ ಹರಕು. ಅವಳ ಹಿಂದೆ ರಸ್ತೆಯ ತುಂಬ ಬಾತುಗಳು.

‘ಲಗೂನ ಹೊಡ್ಕೊಂಡು ಹೋಗಬೇ’ ಎಂದು ಡ್ರೈವರ್ ಹಾರನ್ ಒತ್ತಿದ.

‘ಇವೂ ಹೆಣ್ಣ ಅದಾವಣ್ಣ. ಪುಕ್ಕಟೆ ಬಸ್ ಹತ್ತಾಂಗಿಲ್ಲ, ನಡ್ಕೊಂತ ಹೊಂಟಾವ. ದಾರಿ ಆದ್ರೂ ಬಿಡು.’

ಬಸ್ಸಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಕೊನೆಗೆ ಒಂದು ಕುಂಟು ಬಾತು ಉಳಿಯಿತು. ‘ನಡಿಯವ್ವ ಸಾವ್ಕಾರ್ತಿ’ ಎನ್ನುತ್ತ, ಅದು ತನ್ನ ಗತ್ತಿನಲ್ಲಿ ದಾಟುವವರೆಗೂ ಅವಳು ಕೋಲು ಇಳಿಸಲಿಲ್ಲ.

ನಾನು ಅಲ್ಲೇ ಇಳಿದೆ. ಆಗ ಸಿಂಧನೂರಿನಲ್ಲಿ ಒಂದು ಪತ್ರಿಕೆಯ ವರದಿಗಾರನಾಗಿದ್ದೆ. ಭತ್ತದ ಧಾರಣೆ, ಕಾಲುವೆಯ ನೀರು, ರೈಸ್ ಮಿಲ್ಲು ಇವುಗಳ ಬಗ್ಗೆ ವಾರಕ್ಕೊಮ್ಮೆ ಬರೆಯುತ್ತಿದ್ದೆ. ಕೊಯ್ಲಾದ ಗದ್ದೆಗಳಿಗೆ ಪ್ರತಿ ವರ್ಷ ಆಂಧ್ರದ ಕಡೆಯಿಂದ ಬಂದು, ಉದುರಿದ ಕಾಳು, ಹುಳುಗಳನ್ನು ಬಾತುಗಳಿಗೆ ಮೇಯಿಸುತ್ತ, ಬಯಲಲ್ಲೇ ಡೇರೆ ಹಾಕಿಕೊಂಡು ಬದುಕುವ ಇವರ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ.

ಅವಳ ಹೆಸರು ಪೋಲಮ್ಮ. ಬಾತು ಎಷ್ಟಿವೆ ಎಂದು ಕೇಳಿದೆ.

‘ಎಣಿಸಾಂಗಿಲ್ಲ ಸಾರ್. ಎಣಿಸಿದ್ರ ಕಮ್ಮಿ ಆಗ್ತಾವ.’

‘ಸುದ್ದಿಗೆ ಸಂಖ್ಯೆ ಬೇಕಲ್ಲಮ್ಮ.’

‘ಬಾಳ ಅದಾವ ಅಂತ ಬರ್ಕೋರಿ. ಸುಳ್ಳಾಗಾಂಗಿಲ್ಲ.’

ಮುಂದೆ ಕೆಲವು ದಿನ ಅಲ್ಲಿಗೆ ಹೋಗಿ ಬರುತ್ತಿದ್ದೆ. ಎಣಿಸದಿದ್ದರೂ ಒಂದು ಬಾತು ತಪ್ಪಿದರೆ ಅವಳಿಗೆ ತಿಳಿಯುತ್ತಿತ್ತು. ಸಂಜೆ ಬಲೆಯ ಬೇಲಿಯೊಳಗೆ ಅವು ಸೇರುವಾಗ ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದಳು. ‘ಒಂದು ದನಿ ಇಲ್ಲ’ ಎಂದು ಕಾಲುವೆಯತ್ತ ಹೋದಳೆಂದರೆ, ಬಗಲಲ್ಲಿ ಒಂದನ್ನು ಇಟ್ಟುಕೊಂಡೇ ಬರುತ್ತಿದ್ದಳು. ಅವಳ ಕೂಗೂ ಹಾಗೆಯೇ ವಿಚಿತ್ರ. ಗಂಟಲಲ್ಲಿ ಹುಟ್ಟಿ ಮೂಗಿನಲ್ಲಿ ಮುಗಿಯುತ್ತಿತ್ತು. ಪಕ್ಕದ ಗದ್ದೆಯ ಬಾತುಗಳು ಅದಕ್ಕೆ ಕತ್ತೂ ಎತ್ತುತ್ತಿರಲಿಲ್ಲ. ಇವಳವು ಮೇವು ಬಿಟ್ಟು ಓಡಿ ಬರುತ್ತಿದ್ದವು.

ಒಂದು ಬೆಳಿಗ್ಗೆ ಆ ಕೂಗನ್ನು ಫೋನಿನಲ್ಲಿ ಹಿಡಿದುಕೊಂಡೆ. ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಬೇಕಲ್ಲ, ಬದುವಿನ ಮೇಲೆ ಕೂತು ದನಿ ಪೂರ್ತಿ ಏರಿಸಿ ಹಾಕಿದೆ. ನನಗೂ ಬಾತುಗಳಿಗೂ ನಡುವೆ ಆ ಗದ್ದೆಯ ರೈತ ಪಂಪಣ್ಣನ ಸಸಿಮಡಿ ಇತ್ತು. ಬೇಸಿಗೆ ಬೆಳೆಗೆಂದು ಮೊಳಕೆಯ ಬೀಜ ಚೆಲ್ಲಿ ಎರಡು ದಿನವಾಗಿತ್ತು. ಹಿಂಡೆಲ್ಲ ನನ್ನ ಕಡೆಗೆ ಹೊರಟು ಮಡಿಗೆ ಇಳಿಯಿತು. ಆಚೆಯಿಂದ ಪೋಲಮ್ಮ ಕೂಗಿದಳು. ಅತ್ತ ಒಬ್ಬ ಪೋಲಮ್ಮ, ಇತ್ತ ಒಬ್ಬ ಪೋಲಮ್ಮ. ಬಾತುಗಳು ಕೆಸರಿನ ನಡುವೆ ನಿಂತು ಅತ್ತಿತ್ತ ಕತ್ತು ತಿರುಗಿಸಿದವು. ಆಮೇಲೆ, ಹೇಗೂ ನಿಂತಿದ್ದೇವಲ್ಲ ಎಂಬಂತೆ ಮೊಳಕೆ ತಿನ್ನತೊಡಗಿದವು. ಗಾಬರಿಯಲ್ಲಿ ನನಗೆ ಫೋನು ಬಂದ್ ಮಾಡುವುದೇ ತಿಳಿಯಲಿಲ್ಲ.

ಪಂಪಣ್ಣ ಓಡಿ ಬಂದ. ‘ನಾಳಿ ಮುಂಜಾನಿ ನಮ್ಮ ಸೀಮ್ಯಾಗ ಒಂದು ಬಾತು ಕಾಣಬಾರ್ದು’ ಎಂದ. ಪೋಲಮ್ಮನ ಮುಖ ಸಣ್ಣದಾಯಿತು. ಒಬ್ಬ ರೈತ ಓಡಿಸಿದನೆಂದರೆ ಸುತ್ತಲಿನ ಯಾವ ಗದ್ದೆಯೂ ಆ ವರ್ಷ ಅವಳಿಗೆ ಸಿಗುತ್ತಿರಲಿಲ್ಲ.

ಅವಳು ನನ್ನತ್ತ ಕೋಲು ಚಾಚಿ, ‘ಬಾತಿಂದು ತಪ್ಪಿಲ್ಲ ಪಂಪಣ್ಣ. ಈ ಪೇಪರ್ ಸಾರ್ ನನ್ನ ಬಾಯಿ ಕದ್ದಾರ. ಬೇಕಾದ್ರ ಇವರನ್ನ ಕಟ್ಟಿ ಹಾಕು’ ಎಂದಳು.

‘ಇವರನ್ನ ಕಟ್ಟಿ ನಾ ಏನ್ ಮಾಡ್ಲಿ? ತತ್ತಿ ಇಡ್ತಾರೇನು?’

ಅವನೇ ಮೊದಲು ನಕ್ಕ. ಅವನ ಬುಟ್ಟಿಯಲ್ಲಿ ಮೊಳಕೆಯ ಬೀಜ ಇನ್ನೂ ಉಳಿದಿತ್ತು. ಮಧ್ಯಾಹ್ನದವರೆಗೆ ನಾನು ಪ್ಯಾಂಟು ಮಡಚಿ ಮಡಿಯ ಕೆಸರು ಸಮ ಮಾಡಿದೆ. ಪಂಪಣ್ಣ ಮತ್ತೆ ಬೀಜ ಚೆಲ್ಲಿದ. ಪೋಲಮ್ಮ ಬದುವಿನ ಮೇಲಿಂದ, ‘ಬರಿಯೂದಕ್ಕಿಂತ ಇದು ಚಲೋ ಬರ್ತೈತಿ ನಿಮಗ’ ಎಂದಳು. ಬಾತುಗಳು ಅಲ್ಲೇ ಉಳಿದವು.

ಹೊರಡುವಾಗ, ‘ಕೂಗು ಇಟ್ಕೋರಿ. ಆದ್ರ ನಾ ಇಲ್ಲದಾಗ ಅವಕ್ಕ ಕೇಳಿಸಬ್ಯಾಡ್ರಿ. ಓಡಿ ಬಂದು ನೋಡ್ತಾವ, ನಾ ಇರಾಂಗಿಲ್ಲ. ಬಾತಿಗೆ ಸುಳ್ಳು ಹೇಳಬಾರ್ದು’ ಎಂದಳು.

ವರದಿ ಅಚ್ಚಾಯಿತು. ಸಂಖ್ಯೆ ಎಲ್ಲಿ ಎಂದು ಡೆಸ್ಕಿನವರು ಕೇಳಿದ್ದಕ್ಕೆ ‘ಬಹಳ’ ಎಂದೇ ಹೇಳಿದೆ.

ಈ ಸಲ ಕೊಯ್ಲಿನ ನಂತರ ಅದೇ ಗದ್ದೆಯಲ್ಲಿ ಬಾತುಗಳಿದ್ದವು. ಕಾಯುತ್ತಿದ್ದವನು ಅವಳ ತಮ್ಮನ ಮಗ. ಮೊಣಕಾಲು ನೋವೆಂದು ಪೋಲಮ್ಮ ಹಿಂಡನ್ನು ಅವನಿಗೆ ಕೊಟ್ಟು ಮಗಳ ಊರು ಸೇರಿದ್ದಾಳೆ. ಎಲ್ಲಕ್ಕಿಂತ ಹಿಂದೆ ಕುಂಟುತ್ತ ಸಾವ್ಕಾರ್ತಿ ಬರುತ್ತಿದ್ದಳು. ನನ್ನ ಕೈ ಫೋನಿಗೆ ಹೋಯಿತು. ಕೂಗು ಹಾಕಲಿಲ್ಲ, ಅವನಿಂದ ನಂಬರು ಪಡೆದು ಪೋಲಮ್ಮನಿಗೇ ಫೋನು ಮಾಡಿದೆ.

‘ನೀನೇ ಒಂದು ಸಲ ಕೂಗಮ್ಮ, ಕೇಳಿಸ್ತೀನಿ’ ಎಂದೆ.

‘ಬ್ಯಾಡ್ರಿ. ಫೋನ್ ಅವುಗಳ ಕಡೆ ಹಿಡೀರಿ.’

ಹಿಡಿದೆ. ನನ್ನ ಕೈ ಸೋಲುವವರೆಗೆ ಅವಳು ಕೇಳುತ್ತಲೇ ಇದ್ದಳು. ಗದ್ದೆಯ ತುಂಬ ಬಾತುಗಳ ಗದ್ದಲ. ಕೊನೆಗೆ ಫೋನು ಕಿವಿಗಿಟ್ಟಾಗ ಅವಳು ನಗುತ್ತಿದ್ದಳು.

‘ಎಲ್ಲಾ ಅದಾವ ಬಿಡ್ರಿ’ ಎಂದಳು.