ಬಿಟ್ಟುಹೋದ ಹಾಡು, ಬಿಟ್ಟುಹೋಗದ ಡಬ್ಬಿ

ಪ್ರೇಮ ಮುರಿದುಬಿದ್ದ ಹಾಡೊಂದು ಕೆಲವು ತಿಂಗಳಿಂದ ನನ್ನ ಬಾಯಿಗೆ ಅಂಟಿಕೊಂಡುಬಿಟ್ಟಿದೆ. ಇದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಏಕೆಂದರೆ ನಾನು ಪ್ರೇಮಿಸಿದವಳೂ ಅಲ್ಲ, ಮುರಿದುಕೊಂಡವಳೂ ಅಲ್ಲ. ಚಿಕ್ಕಬಳ್ಳಾಪುರದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವವಳು. ಅಪ್ಪ ತೋರಿಸಿದ ಗುಮಾಸ್ತರನ್ನು ಮದುವೆಯಾಗಿ, ಅವರು ನಿವೃತ್ತರಾಗುವವರೆಗೂ ದಿನಾ ಟಿಫಿನ್ ಕ್ಯಾರಿಯರ್ ತುಂಬಿಸಿ ಕೊಟ್ಟವಳು. ಅಂಥವಳು ಬೆಳಿಗ್ಗೆ ಚಟ್ನಿಗೆ ಒಗ್ಗರಣೆ ಹಾಕುತ್ತಾ, ನೀನು ಹೋದದ್ದೇ ಒಳ್ಳೆಯದಾಯಿತು ಎಂಬರ್ಥದ ಸಾಲನ್ನು ಗುನುಗಿದರೆ, ಹಾಲಿನಲ್ಲಿ ಪೇಪರ್ ಓದುತ್ತಿರುವ ಮನುಷ್ಯ ಏನೆಂದುಕೊಳ್ಳಬೇಕು? ಒಂದು ದಿನ ಅವರು ಪೇಪರನ್ನು ಮೂಗಿನ ಮಟ್ಟಕ್ಕೆ ಇಳಿಸಿ, "ನಾನಿನ್ನೂ ಇಲ್ಲೇ ಇದೀನಿ ಕಣೇ" ಎಂದರು. ಎಂದು ಮತ್ತೆ ಪೇಪರ್ ಎತ್ತಿಕೊಂಡರು.

ಹಾಡಿನ ಸಂಗತಿ ಇಷ್ಟೇ. ಒಬ್ಬ ಹುಡುಗಿ ತನ್ನನ್ನು ಬಿಟ್ಟುಹೋದವನಿಗೆ ವರದಿ ಒಪ್ಪಿಸುತ್ತಾಳೆ. ನೀನು ಹೋದಮೇಲೆ ಚೆನ್ನಾಗಿ ನಿದ್ದೆ ಬರುತ್ತಿದೆ, ಹೊತ್ತಿಗೆ ಸರಿಯಾಗಿ ಹಸಿವಾಗುತ್ತಿದೆ, ಕಿಟಕಿ ತೆರೆದಿದ್ದೇನೆ, ನಿನ್ನದೇನೇನಿತ್ತೋ ಎಲ್ಲ ಮೂಟೆ ಕಟ್ಟಿ ಹೊರಗಿಟ್ಟಿದ್ದೇನೆ, ಮುಂದಿನ ದಾರಿ ಕಾಣುತ್ತಿದೆ, ಥ್ಯಾಂಕ್ಸ್. ಇಷ್ಟೊಂದು ಸುಖದ ಸಮಾಚಾರ ಹೇಳುವಾಗ ಹಿಂದೆ ಪಿಟೀಲು ಮಾತ್ರ ಸಾವಿನ ಮನೆಯಲ್ಲಿ ಕೂತಂತೆ ಅಳುತ್ತಿರುತ್ತದೆ. ನನ್ನ ಗೊಂದಲ ಶುರುವಾದದ್ದು ಅಲ್ಲೇ. ಸುಖವಾಗಿರುವವಳು ಸುಮ್ಮನೆ ಸುಖವಾಗಿರಬಹುದಲ್ಲ? ಊಟ ಚೆನ್ನಾಗಿತ್ತು ಎನ್ನುವುದನ್ನು ಯಾರಾದರೂ ಇಷ್ಟು ನಿಧಾನವಾಗಿ, ಇಷ್ಟು ರಾಗವಾಗಿ, ಅದೂ ಊಟಕ್ಕೆ ಬಾರದವನನ್ನೇ ಕರೆದು ಹೇಳುತ್ತಾರೆಯೇ? ಅವಳಿಗೆ ನಿಜವಾಗಿಯೂ ಸಂತೋಷವೋ, ಅಥವಾ ಸಂತೋಷವೆಂದು ತನಗೆ ತಾನೇ ಪಾಠ ಒಪ್ಪಿಸಿಕೊಳ್ಳುತ್ತಿದ್ದಾಳೋ, ನನಗೆ ಇವತ್ತಿಗೂ ತಿಳಿದಿಲ್ಲ.

ಕನ್ನಡ ಮೇಡಂ ಎಂದಮೇಲೆ ಇಂಥ ಗೊಂದಲಕ್ಕೆ ಹಳೆಯ ಶಾಸ್ತ್ರದ ಕಡೆ ಕೈಚಾಚುವುದು ರೂಢಿ. ನಮ್ಮ ಅಲಂಕಾರಶಾಸ್ತ್ರದವರು ನಾಯಿಕೆಯರನ್ನು ಎಂಟು ಬಗೆಯಾಗಿ ವಿಂಗಡಿಸಿಟ್ಟಿದ್ದಾರೆ. ಸಿಂಗರಿಸಿಕೊಂಡು ಬಾಗಿಲು ನೋಡುವವಳು, ವಿರಹದಲ್ಲಿ ಬೇಯುವವಳು, ಅವನ ಮೈಮೇಲೆ ಇನ್ನೊಬ್ಬಳ ಗುರುತು ಕಂಡು ಸಿಡಿಯುವವಳು, ಜಗಳವಾಡಿ ಅಟ್ಟಿ ಆಮೇಲೆ ಕೈ ಹಿಸುಕಿಕೊಳ್ಳುವವಳು, ಹೀಗೆ. ಎಂಟನ್ನೂ ತಿರುವಿ ನೋಡಿದೆ. "ಹೋದನಾ? ಸರಿ, ಒಂದು ಲೋಟ ಕಾಫಿ ಕೊಡಿ" ಎನ್ನುವ ನಾಯಿಕೆಗೆ ಅಲ್ಲಿ ಜಾಗವೇ ಇಲ್ಲ. ಆ ಪಂಡಿತರಿಗೆ ಅಂಥವಳು ಸಿಕ್ಕಿರಲಿಲ್ಲವೋ, ಸಿಕ್ಕಿದ್ದರೂ ಕಾಫಿ ಇರಲಿಲ್ಲವೋ. ನಮ್ಮ ಮನೆಯಲ್ಲಿ ಮಾತ್ರ ಒಬ್ಬಳಿದ್ದಾಳೆ. ನನ್ನ ಮಗಳು ನಿವೇದಿತಾ. ಮುದ್ದೇನಹಳ್ಳಿ ಕಡೆಯ ಕಾಲೇಜೊಂದರಲ್ಲಿ ಲೆಕ್ಚರರ್. ಆ ಹಾಡು ನಮ್ಮ ಮನೆಗೆ ಬಂದದ್ದು ಅವಳ ಫೋನಿನಲ್ಲಿ.

ನಿವಿಗೆ ಗೌರಿಬಿದನೂರಿನ ಕಾರ್ತಿಕ್ ಎಂಬ ಹುಡುಗನ ಜೊತೆ ನಿಶ್ಚಿತಾರ್ಥವಾಗಿತ್ತು. ಬ್ಯಾಂಕಿನಲ್ಲಿ ಕೆಲಸ, ಸಿಗರೇಟಿಲ್ಲ, ಸಿಡುಕಿಲ್ಲ, ತಲೆಯಲ್ಲಿ ಕೂದಲಿದೆ. ತಟ್ಟೆ ಬದಲಾಯಿಸಿ, ಉಂಗುರ ತೊಡಿಸಿ, ಛತ್ರಕ್ಕೆ ಓಡಾಡುತ್ತಿದ್ದೆವು. ಒಂದು ಸಂಜೆ ಮಗಳು ಬಂದವಳೇ ಚಪ್ಪಲಿ ಬಿಟ್ಟು, ಉಪ್ಪಿಟ್ಟು ಇದೆಯಾ ಎಂದು ಕೇಳಿ, ತಟ್ಟೆ ಹಿಡಿದು ಕೂತು ಹೇಳಿದಳು.

"ಅಮ್ಮ, ನಾನೂ ಕಾರ್ತಿಕ್ಕೂ ಕೂತು ಮಾತಾಡಿದ್ವಿ. ಇಬ್ರೂ ಬೇಡ ಅನ್ಕೊಂಡ್ವಿ."

"ಅಯ್ಯೋ, ಏನಾಯ್ತೇ?"

"ಏನೂ ಆಗ್ಲಿಲ್ಲ ಕಣಮ್ಮ, ಅದೇ ಪ್ರಾಬ್ಲಮ್. ಫೋನ್ ಮಾಡಿದ್ರೆ ಊಟ ಆಯ್ತಾ ಅಂತಾನೆ, ಆಯ್ತು ಅಂತೀನಿ. ಆಮೇಲೆ ಮಾತೇ ಹೊರಡಲ್ಲ."

ನಾನೂ ನಿಮ್ಮಪ್ಪನೂ ಊಟ ಆಯ್ತಾ ಎಂಬ ಒಂದೇ ಮಾತಿನ ಮೇಲೆ ಇಡೀ ಸಂಸಾರ ನಡೆಸಿದ್ದೇವೆ ಎಂದು ಹೇಳಲು ಬಾಯಿ ತೆರೆದೆ. ಅದು ಮದುವೆಯ ಪರವಾದ ಮಾತೋ ವಿರುದ್ಧವಾದ ಮಾತೋ ಎಂದು ಅನುಮಾನವಾಗಿ ಮುಚ್ಚಿಕೊಂಡೆ. ಅವಳು ಇನ್ನೊಂದು ಸೌಟು ಉಪ್ಪಿಟ್ಟು ಹಾಕಿಸಿಕೊಂಡಳು. ಮಾರನೆಯ ದಿನದಿಂದ ಸ್ನಾನದ ಮನೆಯಲ್ಲಿ ಆ ಹಾಡು ಶುರುವಾಯಿತು.

ನಮ್ಮಲ್ಲಿ ಎಲ್ಲಕ್ಕೂ ಒಂದು ಶಾಸ್ತ್ರವಿದೆ, ಅದಕ್ಕೆ ತಕ್ಕ ಮುಖವಿದೆ. ಮದುವೆಗೊಂದು ಮುಖ, ತಿಥಿಗೊಂದು ಮುಖ. ನಿಶ್ಚಿತಾರ್ಥ ಮುರಿದು ಮಗಳು ಖುಷಿಯಾಗಿರುವ ಮನೆಯಲ್ಲಿ ತಾಯಿ ಯಾವ ಮುಖ ಇಟ್ಟುಕೊಳ್ಳಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಶಿಡ್ಲಘಟ್ಟದಿಂದ ನನ್ನ ಓರಗಿತ್ತಿ ಸಮಾಧಾನ ಹೇಳಲೆಂದೇ ಬಂದರು. ಬಸ್ಸಿನಲ್ಲಿ ಬರುತ್ತಲೇ ಮುಖ ಸಿದ್ಧಮಾಡಿಕೊಂಡು ಬಂದಿದ್ದರು ಪಾಪ. ಒಳಗೆ ಬಂದರೆ ಮಗು ಸೀಬೆಹಣ್ಣಿಗೆ ಉಪ್ಪು ಖಾರ ಹಚ್ಚಿಕೊಂಡು ಹಾಡುತ್ತಿದೆ. ತಂದ ಕಣ್ಣೀರನ್ನು ವಾಪಸ್ ಒಯ್ಯಲಾಗದೆ, ಅವರು ಅಡುಗೆಮನೆಗೆ ಬಂದು ನನ್ನ ಕೈ ಹಿಡಿದು ಅತ್ತರು. ಆಶ್ಚರ್ಯವೆಂದರೆ ನನಗೂ ಅಳು ಬಂತು. ಮಗಳಿಗಾಗಿ ಅಲ್ಲ. ಯಾರಿಗಾಗಿ ಎನ್ನುವುದು ಆಗ ಗೊತ್ತಾಗಲಿಲ್ಲ.

ಗೊತ್ತಾದದ್ದು ಆಮೇಲೆ. ಕಾರ್ತಿಕನ ತಾಯಿ ಸರೋಜಮ್ಮನಿಗಾಗಿ ಎಂದು. ಮಕ್ಕಳಿಬ್ಬರಿಗೂ ಹೊರಡದ ಮಾತೆಲ್ಲ ನಮ್ಮಿಬ್ಬರಲ್ಲಿ ಹೊರಟುಬಿಟ್ಟಿತ್ತು. ಸೀರೆ ಬಣ್ಣ ಕೇಳಲು ಮಾಡಿದ ಫೋನು ಅವರ ತವರು ನಗರಗೆರೆಯ ಹುಣಸೆಮರಕ್ಕೆ ಹೋಗಿ, ಅಲ್ಲಿಂದ ನನ್ನ ಮೊಣಕಾಲು ನೋವಿಗೆ ಬಂದು, ಎರಡೂ ಮನೆಯ ಗಂಡಸರ ಗೊರಕೆಯಲ್ಲಿ ಮುಗಿಯುತ್ತಿತ್ತು. ಅವರದು ಅರ್ಧ ತೆಲುಗು ಬೆರೆತ ಕನ್ನಡ. ಮೊದಲು ನನ್ನನ್ನು ಮೇಡಂ ಎನ್ನುತ್ತಿದ್ದರು, ತಟ್ಟೆ ಬದಲಾದಮೇಲೆ ಬೀಗ್ರೇ ಎಂದರು, ಸಲಿಗೆ ಬೆಳೆದು ವದಿನಾ ಎನ್ನತೊಡಗಿದರು. ತೆಲುಗಿನಲ್ಲಿ ಅತ್ತಿಗೆ. ಈ ವಯಸ್ಸಿನಲ್ಲಿ ಹೊಸ ಗೆಳತಿ ಸಿಗುವುದು ಎಷ್ಟು ಅಪರೂಪವೆಂದು ನಿಮಗೆ ಗೊತ್ತಿರಬಹುದು. ಸಂಬಂಧ ಮುರಿದ ದಿನ ಆ ಫೋನು ನಿಂತಿತು. ಯಾವ ಹೆಸರಿನಿಂದ ಕರೆದು ಮಾತು ಶುರುಮಾಡುವುದು? ಬೀಗ್ರೇ ಎನ್ನುವಂತಿಲ್ಲ, ಮತ್ತೆ ಮೇಡಂ ಎನ್ನಲು ನಾಲಗೆ ಬರುವುದಿಲ್ಲ.

ನಮ್ಮ ಮನೆಯವರು ಸೀರೆ, ಉಂಗುರ, ಬೆಳ್ಳಿತಟ್ಟೆ ಎಲ್ಲ ಒಯ್ದು ಕೊಟ್ಟು, ಅವರದನ್ನೂ ಪಡೆದು ಬಂದು, "ಎಲ್ಲಾ ಕ್ಲಿಯರ್ ಆಯ್ತು" ಎಂದು ಕಚೇರಿ ಭಾಷೆಯಲ್ಲಿ ಹೇಳಿದರು. ಹಾಡಿನ ಹುಡುಗಿ ಮೂಟೆ ಕಟ್ಟಿ ಹೊರಗಿಟ್ಟಳಲ್ಲ, ಹಾಗೆಯೇ. ಆದರೆ ಹುರಿಗಡಲೆ ತೆಗೆಯಲು ಹೋದಾಗ ನೋಡುತ್ತೇನೆ, ಕಡಲೆ ತುಂಬಿಟ್ಟಿರುವುದು ಸರೋಜಮ್ಮನ ಸ್ಟೀಲ್ ಡಬ್ಬಿಯಲ್ಲಿ. ನಿಶ್ಚಿತಾರ್ಥದ ದಿನ ಎಳ್ಳುಬೆಲ್ಲದ ಚಿಗಳಿ ತುಂಬಿಕೊಂಡು ಬಂದದ್ದು. ಮುಚ್ಚಳದ ಮೇಲೆ ಅವರ ಯಜಮಾನರ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಿದೆ. ಹಿಂದಿರುಗಿಸಲೇಬೇಕು. ಆದರೆ ಖಾಲಿ ಡಬ್ಬಿಯನ್ನು ಹೇಗೆ ಹಿಂದಿರುಗಿಸುವುದು? ಪಕ್ಕದ ಮನೆಯ ಸಾರಿನ ಲೋಟಕ್ಕೂ ನಾಲ್ಕು ಕಾಳು ಸಕ್ಕರೆ ಹಾಕಿ ಕೊಡುವ ಕೈ ಇದು. ಕೋಡುಬಳೆ ಕರಿದು ತುಂಬಿದೆ. ದಿನಾ ಗೌರಿಬಿದನೂರಿನಿಂದ ನಮ್ಮ ಶಾಲೆಗೆ ಓಡಾಡುವ ನಾಗವೇಣಿ ಟೀಚರ್ ಕೈಯಲ್ಲಿ ಕೊಟ್ಟು, ಒಂದು ನಿಟ್ಟುಸಿರು ಬಿಟ್ಟು, ಮುಗಿಯಿತು ಎಂದುಕೊಂಡೆ.

ವಾರ ಕಳೆದು ನಾಗವೇಣಿ ಅದೇ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟರು. "ಖಾಲಿ ಡಬ್ಬಿ ಕಳಿಸ್ಬಾರ್ದಲ್ಲ, ಅದಕ್ಕೆ ಇದನ್ನ ಕೊಡಿ ಅಂದ್ರು ಮೇಡಂ." ತೆರೆದರೆ ಹಿತಕಿದ ಅವರೆಬೇಳೆ. ಕಾಳು ನೆನೆಹಾಕಿ ಒಂದೊಂದನ್ನೇ ಹಿತುಕಿ ಸಿಪ್ಪೆ ಬಿಡಿಸಲು ಎಷ್ಟು ಹೊತ್ತು ಬೇಕೆಂದು ಮಾಡಿದವರಿಗೆ ಗೊತ್ತು. ಆಕೆ ಅಭ್ಯಾಸಬಲದಿಂದ, ತಮ್ಮದೇ ಡಬ್ಬಿಯೆಂಬುದನ್ನು ಮರೆತು, ನನ್ನದೆಂದು ತಿಳಿದು, ಮರ್ಯಾದೆಯಾಗಿ ತುಂಬಿಸಿ ವಾಪಸ್ ಮಾಡಿದ್ದರು. ಈಗ ಅವರ ಡಬ್ಬಿ ಮತ್ತೆ ನನ್ನ ಮನೆಯಲ್ಲಿ. ನಾನು ನಿಪ್ಪಟ್ಟು ತುಂಬಿ ಕಳಿಸಿದೆ. ಎಳ್ಳುಂಡೆ ಬಂತು. ಹೀಗೆ ಹೋಗಿ ಬಂದು ಹೋಗಿ ಬಂದು, ಎರಡು ಮನೆಗಳ ಸಂಬಂಧ ಮುರಿದರೂ ಮುರಿಯುವ ಕೆಲಸ ಮಾತ್ರ ಮುಗಿಯಲೊಲ್ಲದಾಯಿತು. ಮಗಳು ಬೇಳೆ ಸಾರಿಗೆ ಮುದ್ದೆ ಅದ್ದಿ ತಿನ್ನುತ್ತಾ, "ಅಮ್ಮ, ಬ್ರೇಕಪ್ ಆಗಿರೋದು ನಂಗೆ. ನೀನ್ಯಾಕೆ ಇನ್ನೂ ಕಾಂಟ್ಯಾಕ್ಟಲ್ಲಿದೀಯ?" ಎಂದಳು. ನಾನು ಅವಳ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದೆ.

ಆಮೇಲೊಂದು ದಿನ ಸ್ಟಾಫ್ ರೂಮಿನಲ್ಲಿ ನಾಗವೇಣಿ ದನಿ ತಗ್ಗಿಸಿ, ಕಾರ್ತಿಕನಿಗೆ ಚಿಂತಾಮಣಿ ಕಡೆ ಹೆಣ್ಣು ಗೊತ್ತಾಯಿತಂತೆ, ತಟ್ಟೆಯೂ ಬದಲಾಯಿಸಿದರಂತೆ ಎಂದರು. ಮಗಳಿಗೆ ಹೇಗೆ ಹೇಳುವುದೆಂದು ಒದ್ದಾಡಿಕೊಂಡು ಮನೆಗೆ ಬಂದರೆ ಅವಳು, "ಗೊತ್ತಮ್ಮ, ಅವನೇ ಹೇಳ್ದ. ಕಂಗ್ರಾಟ್ಸ್ ಅಂತ ಹಾಕ್ದೆ" ಎಂದು ಇಸ್ತ್ರಿ ಮಾಡುವುದನ್ನು ಮುಂದುವರಿಸಿದಳು. ಎದೆಯಲ್ಲಿ ಏನೋ ಕಚ್ಚಿಕೊಂಡದ್ದು ನನಗೆ. ಹುಡುಗ ಹೋದದ್ದಕ್ಕಲ್ಲ. ಚಿಂತಾಮಣಿಯಲ್ಲಿ ಒಬ್ಬ ಹೊಸ ಬೀಗಿತ್ತಿ ಇದ್ದಾಳೆ ಎಂಬುದಕ್ಕೆ. ಅವಳು ಕಪ್ಪಗಿದ್ದಾಳೋ ಕೆಂಪಗಿದ್ದಾಳೋ, ಅವಳ ಕೈಯ ಕೋಡುಬಳೆ ಹೇಗಿರುತ್ತದೋ, ಸರೋಜಮ್ಮ ಅವಳಿಗೂ ಆ ಹುಣಸೆಮರದ ಕಥೆ ಹೇಳಿದ್ದಾರೋ. ಸಿಡಿಯುವ ನಾಯಿಕೆಯ ಲಕ್ಷಣಗಳೆಲ್ಲ ಒಂದೊಂದಾಗಿ ನನ್ನಲ್ಲಿ ಕಾಣಿಸಿಕೊಂಡವು. ಅವತ್ತು ನಿವಿಯ ಫೋನು ಇಸಿದುಕೊಂಡು ಆ ಹಾಡನ್ನು ಮೊದಲಿಂದ ಕೊನೆಯವರೆಗೆ ಕೇಳಿದೆ. ನನಗೆ ದುಃಖವಾಯಿತು. ಸರೋಜಮ್ಮ ನನಗೆ ಬೇಕಾಗಿದ್ದರು, ಅಷ್ಟೇ ಸತ್ಯ. ಪಿಟೀಲು ಯಾಕೆ ಅಳುತ್ತದೆಂಬುದು ಅವತ್ತು ಸ್ವಲ್ಪ ಅರ್ಥವಾಯಿತು.

ಹಾಡಿನ ಹುಡುಗಿಯಿಂದಲೇ ಧೈರ್ಯ ಕಡ ತಂದುಕೊಂಡೆ. ಬಿಡುವುದಾದರೆ ಪೂರ್ತಿ ಬಿಡಬೇಕು. ಡಬ್ಬಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಬಿಸಿಲಿಗಿಟ್ಟು, ಈ ಸಲ ಖಾಲಿಯಾಗಿಯೇ ಕಳಿಸುವುದೆಂದು ನಿರ್ಧರಿಸಿದೆ. ನಾಗವೇಣಿಗೆ ಕೊಡುವ ಮೊದಲೇ ಫೋನು ಬಂತು. "ಹಲೋ... ನಾನು" ಎಂದರು ಸರೋಜಮ್ಮ. ಏನೆಂದು ಕರೆಯಬೇಕೆಂದು ಅವರಿಗೂ ತೋಚುತ್ತಿಲ್ಲ. "ಭಾನುವಾರ ವಿದುರಾಶ್ವತ್ಥಕ್ಕೆ ಹೋಗ್ತಿದೀನಿ. ನಾಗಪ್ಪಂಗೆ ಹಾಲೆರೆಯೋದಿದೆ. ನೀವೂ ಬರ್ತೀರಾ?" ಮನೆಗೆ ಕರೆಯಲು ಅವರಿಗೆ ಮುಜುಗರ, ಹೋಗಲು ನನಗೆ. ದೇವರು ನಡುವೆ ಇದ್ದರೆ ಯಾರೂ ಏನೂ ಅನ್ನುವಂತಿಲ್ಲ.

ಹರಕೆ ಇದೆ ಎಂದು ಗಂಡನಿಗೆ ಹೇಳಿದೆ. ಯಾವ ಹರಕೆ ಎಂದು ಅವರು ಕೇಳಲಿಲ್ಲ. ಮಗಳು ಮಾತ್ರ ಬಾಗಿಲಲ್ಲಿ ನಿಂತು, "ಯಾರನ್ನ ಮೀಟ್ ಮಾಡೋಕಮ್ಮ, ಇಷ್ಟೊಳ್ಳೆ ಸೀರೆ?" ಎಂದು ನಕ್ಕಳು. ಕದ್ದು ಭೇಟಿಯಾಗುವ ವಯಸ್ಸಿನವರು ರಾಜಾರೋಷವಾಗಿ ಕಾಫಿ ಕುಡಿದು ಕೈಕುಲುಕಿ ಬರುತ್ತಾರೆ, ಮೊಣಕಾಲು ನೋವಿನವರು ಬಸ್ಸು ಬದಲಾಯಿಸಿಕೊಂಡು ಕದ್ದು ಹೋಗುತ್ತಾರೆ. ಕಾಲ ಹೀಗಿದೆ.

ಸರೋಜಮ್ಮ ದೇವಸ್ಥಾನದ ಅರಳಿಮರದ ಹತ್ತಿರ ನಾಗರಕಲ್ಲುಗಳ ಸಾಲಿನ ಪಕ್ಕ ಕೂತಿದ್ದರು. ಸೊರಗಿದ್ದರು ಅನ್ನಿಸಿತು, ಅಥವಾ ಸೊರಗಿರಲಿ ಎಂದು ನಾನು ಬಯಸಿದ್ದೆನೋ. ಮಾತಿಗೆ ಮೊದಲೇ ಚೀಲದಿಂದ ಡಬ್ಬಿ ತೆಗೆದು ಕೈಗಿಟ್ಟೆ. ಅವರು ತೂಗಿ ನೋಡಿದರು. ಮುಚ್ಚಳ ತೆಗೆದರು. ನಾನು ಅರಿಸಿನ ಕುಂಕುಮ ಮೆತ್ತಿದ ಕಲ್ಲಿನ ಹೆಡೆಗಳನ್ನು ನೋಡುತ್ತಾ ಕೂತೆ.

"ಅಂತೂ ಖಾಲಿ ತಂದ್ರಿ. ಒಳ್ಳೇದಾಯ್ತು" ಎಂದರು. ಬಾಳೆಲೆಯ ಒಂದು ಪೊಟ್ಟಣ ಬಿಚ್ಚಿ ಕಜ್ಜಾಯಗಳನ್ನು ಒಂದೊಂದಾಗಿ ಡಬ್ಬಿಗೆ ಜೋಡಿಸತೊಡಗಿದರು. "ನೀವೆಲ್ಲಿ ಮತ್ತೆ ತುಂಬ್ಕೊಂಡ್ ಬಂದ್ಬಿಡ್ತೀರೋ, ಇದನ್ನ ಎಲ್ಲಿಗೆ ಹಾಕೋದು ಅಂತ ದಾರಿಯೆಲ್ಲಾ ಅದೇ ಯೋಚ್ನೆ. ಹುಡುಗನ ಶಾಸ್ತ್ರಕ್ಕೆ ಮಾಡಿದ್ದನ್ನ ನಿಮಗೆ ಕೊಡೋದು ಸರಿಯೋ ತಪ್ಪೋ ತಿಳೀಲಿಲ್ಲ. ಅದಕ್ಕೇ ಬೇರೆ ಪಾಕ ತೆಗ್ದು ಮಾಡ್ದೆ."

ನಾನು ಮುಚ್ಚಳದ ಮೇಲಿನ ಹೆಸರು ತೋರಿಸಿದೆ. "ಆದ್ರೆ ಡಬ್ಬಿ ನಿಮ್ದೇ" ಎಂದೆ.

"ಅವರ ಹೆಸರು ಕೊರೆಸಿದ್ದು ನಾನೇ. ನಂಗೇನ್ ಕಣ್ ಕಾಣಲ್ವಾ?"

"ಮತ್ತೆ ಯಾಕೆ ವಾಪಸ್ ಕಳಿಸ್ತಿದ್ರಿ?"

"ಮೊದಲ್ನೇ ಸಲ ಮರ್ತು ಕಳಿಸ್ದೆ. ನೀವು ಮತ್ತೆ ತುಂಬಿ ಕಳಿಸಿದ್ರಲ್ಲ, ಆಮೇಲೆ ಮರೀಲಿಲ್ಲ."

ಹುತಾತ್ಮರ ಸ್ಮಾರಕದ ಕಡೆಯಿಂದ ಯಾರೋ ಮಕ್ಕಳನ್ನು ಕೂಗಿ ಕರೆಯುತ್ತಿದ್ದರು. ನಾನು ಬಹಳ ಹೊತ್ತಿನಿಂದ ನುಂಗಿಕೊಂಡಿದ್ದುದನ್ನು ಕೇಳಿಯೇಬಿಟ್ಟೆ. ಚಿಂತಾಮಣಿ ಬೀಗಿತ್ತಿ ಹೇಗೆ?

"ಒಳ್ಳೇವ್ರೇ, ಪಾಪ" ಎಂದು ಸರೋಜಮ್ಮ ಮುಚ್ಚಳ ಒತ್ತಿದರು. "ಫೋನ್ ಮಾಡಿದ್ರೆ ಊಟ ಆಯ್ತಾ ಅಂತಾರೆ, ಆಯ್ತು ಅಂತೀನಿ. ಆಮೇಲೆ ಮಾತೇ ಹೊರಡಲ್ಲ, ವದಿನಾ."

ಒಬ್ಬರಿಗೆ ಹೊಸ ಬೀಗಿತ್ತಿಯೊಂದಿಗೆ ಮಾತು ಹೊಂದುತ್ತಿಲ್ಲವೆಂದು ಕೇಳಿ ಸಂತೋಷಪಡುವುದು ಸಜ್ಜನರ ಲಕ್ಷಣವಲ್ಲ. ಆದರೂ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಊರಿನವರೆಗೂ ನಾನು ಗುನುಗಿದ್ದು ಆ ಹಾಡನ್ನೇ. ಮನೆಯಲ್ಲಿ ನಿವಿ ಕಜ್ಜಾಯ ಮುರಿದು ಬಾಯಿಗೆ ಹಾಕಿಕೊಂಡು ಚೆನ್ನಾಗಿದೆ ಎಂದಳು. ಆಮೇಲೆ ನನ್ನ ಮುಖ ನೋಡಿ, "ಇನ್ನೂ ಅದೇ ಹಾಡಾ? ನಾನದನ್ನ ಬಿಟ್ಟು ಎಷ್ಟೋ ದಿನ ಆಯ್ತಲ್ಲಮ್ಮ" ಎಂದಳು. ಹಾಡನ್ನೂ ಅವಳು ಸುಖವಾಗಿಯೇ ಬಿಟ್ಟಿದ್ದಾಳೆ. ಅದು ಅವಳಿಗೆ ಬರುವ ವಿದ್ಯೆ, ನನಗೆ ಬಾರದು.

ಡಬ್ಬಿ ತೊಳೆದು ಬೋರಲು ಹಾಕಿದ್ದೇನೆ. ಮುಂದಿನ ಸಲ ವಿದುರಾಶ್ವತ್ಥಕ್ಕೆ ಹೋಗುವಾಗ ಕೋಡುಬಳೆ ಒಯ್ಯಬೇಕು. ಅರ್ಧ ಡಬ್ಬಿ ಮಾತ್ರ ತುಂಬುತ್ತೇನೆ. ಅವರು ತಂದದ್ದಕ್ಕೂ ಜಾಗ ಬೇಕಲ್ಲ.