ನಾಗವೇಣಿಯ ಲೇಖನದಿಂದ ಅಳಿಸಿದ ವಾಕ್ಯ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಆದೋನಿ ಹತ್ತಿರದ ಒಂದು ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕನಾಗಿದ್ದೆ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು; ಹತ್ತಿ ಮಿಲ್ಲಿನಲ್ಲಿ ದುಡಿದು ಓದಿದವನು. ‘ರೈಟ್ಸ್ ರಿಟೆನ್ಷನ್ ಪಾಲಿಸಿ’, ಅಂದರೆ ಹಕ್ಕು ಉಳಿಸಿಕೊಳ್ಳುವ ನೀತಿ, ಜಾರಿಗೆ ತರುವ ಕೆಲಸ ನನ್ನ ಪಾಲಿಗೆ ಬಂತು. ಜರ್ನಲ್‌ಗೆ ಲೇಖನ ಕಳಿಸುವಾಗಲೇ ಸಂಶೋಧಕರು ಒಂದು ವಾಕ್ಯ ಸೇರಿಸಬೇಕು: ಒಪ್ಪಿಗೆಯಾದ ಪ್ರತಿಯನ್ನು ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ಇಡುವ ಹಕ್ಕು ಲೇಖಕರಲ್ಲೇ ಉಳಿಯುತ್ತದೆ. ಅಷ್ಟೇ.

ಸಭೆಯಲ್ಲಿ ಇದರ ಪರವಾಗಿ ಗಟ್ಟಿಯಾಗಿ ನಿಂತವರು ನಂದವರಂ ಕಡೆಯ ಪ್ರೊಫೆಸರು. ಅವರೂ ನನ್ನಂತೆ ಮನೆಗೆ ಮೊದಲ ಪದವೀಧರರು. “ನಮ್ಮ ಮಂದಿ ಹಟ್ಟಿಯಾಗಿಂದ ಬಂದ ವಿದ್ಯಾ ನಮ್ಮ ಮಂದಿಗೇ ಮುಚ್ಚಬಾರದು” ಎಂದಾಗ ಮೊದಲು ಚಪ್ಪಾಳೆ ತಟ್ಟಿದವನು ನಾನು.

ಮೊದಲ ಲೇಖನ ಅವರ ಶಿಷ್ಯೆ ನಾಗವೇಣಿಯದು. ಆಸ್ಪರಿ ಕಡೆಯ ಕುರಿಗಾರರ ಮಗಳು. ಗಬ್ಬದ ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕುವ ರೋಗದ ಮೇಲೆ ಬರೆದಿದ್ದಳು. ರೋಗದ ಸುದ್ದಿ ಹಬ್ಬಿದರೆ ಸಂತೆಯಲ್ಲಿ ಕುರಿ ಕೇಳುವವರಿಲ್ಲ ಎಂದು ಊರವರು ರಕ್ತ ತೆಗೆಯಲು ಬಿಟ್ಟಿರಲಿಲ್ಲ. ಫಲಿತಾಂಶವನ್ನು ನಿಮ್ಮ ಪಶುವೈದ್ಯರು ಕಾಸಿಲ್ಲದೆ ಓದುತ್ತಾರೆಂದು ಆಕೆ ಮಾತು ಕೊಟ್ಟ ಮೇಲೆ ಹಟ್ಟಿಗಳು ತೆರೆದವು.

ನಮ್ಮಲ್ಲೊಂದು ರೂಢಿ. ಬರೆದವರು ಯಾರೇ ಇರಲಿ, ಜರ್ನಲ್ ಜೊತೆ ವ್ಯವಹರಿಸಿ ಸಹಿ ಮಾಡುವ ‘ಕರೆಸ್ಪಾಂಡಿಂಗ್ ಆಥರ್’ ಗುರುಗಳೇ. ಇಲ್ಲದಿದ್ದರೆ ಮರ್ಯಾದೆ ಅಲ್ಲ. ನಾಗವೇಣಿಯೂ ಅವರ ಹೆಸರನ್ನೇ ಹಾಕಿದಳು. ಆಕೆಯೂ ನಾನೂ ಕೂತು ವಾಕ್ಯ ಸೇರಿಸಿ ಅವರ ಕೈಗೆ ಕೊಟ್ಟೆವು.

ಲೇಖನ ಪ್ರಕಟವಾದಾಗ ಆಕೆಯ ಅಪ್ಪ ಪಶುವೈದ್ಯರನ್ನೇ ಕರೆದುಕೊಂಡು ಮಗಳ ಜೊತೆ ಗ್ರಂಥಾಲಯಕ್ಕೆ ಬಂದರು. ಕಂಪ್ಯೂಟರಿನಲ್ಲಿ ತೆರೆದರೆ ಸಾರಾಂಶ ಬಿಟ್ಟು ಉಳಿದುದಕ್ಕೆಲ್ಲ ಬೀಗ; ಓದಬೇಕೆಂದರೆ ಜರ್ನಲ್‌ಗೆ ದುಡ್ಡು ಕಟ್ಟಬೇಕು. ವಿಚಾರಿಸಿದಾಗ ತಿಳಿಯಿತು: ಆ ವಾಕ್ಯ ತೆಗೆಯಿರಿ, ಇಲ್ಲವೇ ಬೇರೆ ಕಡೆ ನೋಡಿಕೊಳ್ಳಿ ಎಂದು ಜರ್ನಲ್‌ನವರು ಬರೆದಿದ್ದರು. ಪ್ರೊಫೆಸರು ಅದನ್ನು ಅಳಿಸಿ, ಹಕ್ಕನ್ನು ಪೂರ್ತಿ ಅವರಿಗೇ ಬರೆದುಕೊಟ್ಟಿದ್ದರು. ನಾಗವೇಣಿಗಾಗಲಿ ನನಗಾಗಲಿ ಒಂದು ಮಾತು ಹೇಳಿರಲಿಲ್ಲ.

“ಬರದಾಕಿ ನೀನು, ರಗತ ಕೊಟ್ಟಿದ್ದು ನಮ್ಮ ಕುರಿ. ಬೀಗ ಯಾರದವ್ವಾ?” ಎಂದು ಅಪ್ಪ ಮಗಳನ್ನು ಕೇಳಿದರು.

ನಾನು ಪ್ರೊಫೆಸರ ಕೋಣೆಗೆ ಹೋದೆ.

“ಪ್ರಮೋಷನ್ ಫೈಲು ಮ್ಯಾಲ ಐತಿ, ಅದಕ್ಕ ಈ ಜರ್ನಲ್ಲಿನ ಲೇಖನ ಬೇಕಿತ್ತು. ನಾವು ಎಲ್ಲಿಂದ ಬಂದೇವಿ, ನಿನಗ ಹೇಳಬೇಕೇನು?” ಎಂದರು.

“ಗೊತ್ತೈತಿ ಸಾರ್. ಅದಕ್ಕ ಕೇಳಾಕ ಬಂದೇನಿ.”

ಅವರು ಫೈಲು ತಿರುವಿದರು.

ಆಮೇಲೆ ಹಟ ಹಿಡಿದು ನೀತಿಯನ್ನು ತಿದ್ದಿಸಿದೆ. ಈಗ ಕೆಲಸಕ್ಕೆ ಸೇರುವಾಗಲೇ ಎಲ್ಲರೂ ಲೇಖನವನ್ನು ಉಚಿತವಾಗಿ ಇಡುವ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ಬರೆದುಕೊಡಬೇಕು. ನಂತರ ಒಬ್ಬರೇ ಅಳಿಸಲಾಗದು. ನಂಬಿಕೆಯ ಮೇಲೆ ನಿಯಮ ನಿಲ್ಲಿಸಬಾರದು, ಅದರಲ್ಲೂ ನಮ್ಮವರೆಂಬ ನಂಬಿಕೆಯ ಮೇಲೆ. ನೌಕರಿ ನನಗೆ ಕಲಿಸಿದ್ದು ಇದು.

ನಾಗವೇಣಿಗೆ ಅದು ತಡವಾಯಿತು. ಎರಡನೇ ಸಲ ರಕ್ತ ತೆಗೆಯಲು ಹೋದಾಗ ಆಕೆಗೆ ತೆರೆದದ್ದು ಅಪ್ಪನ ಹಟ್ಟಿ ಒಂದೇ.